ನೀಲಿ ಲಂಗ



ನಮ್ಮ ಮೈಲಾರದಲ್ಲಿ ಬಟ್ಟೆ ಎಂಬುದು ಕೇವಲ ಮೈ ಮುಚ್ಚುವ ವಸ್ತುವಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕ ಕೇಳಲು ಡೆಂಕನಮರಡಿಗೆ ಹೋದವರೆಲ್ಲ ಗೊರವಯ್ಯಗಳನ್ನು ಕಂಡಿದ್ದೀರಿ. ನಿನ್ನೆಯವರೆಗೆ ಹೊಲ ಉಳುತ್ತಿದ್ದವನು ದೀಕ್ಷೆ ಪಡೆದು, ಕಪ್ಪು ಕಂಬಳಿಯ ನಿಲುವಂಗಿ ತೊಟ್ಟು, ಡಮರುಗ ಹಿಡಿದು ನಿಂತರೆ ಹಿರಿಯರೂ ಆತನಿಗೆ ಕೈಮುಗಿಯುತ್ತಾರೆ. ಉಡುಪು ಬದಲಾದರೆ ಜನ ನೋಡುವ ಕಣ್ಣೂ ಬದಲಾಗುತ್ತದೆಂಬುದನ್ನು ನಾನು ಬಾಲ್ಯದಲ್ಲಿಯೇ ಅಲ್ಲಿ ಕಲಿತೆ.

ಕಳೆದ ವಾರ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಮತ್ತೆ ಓದಿದೆ. 1963ರ ‘ಪ್ರಶ್ನೆ’ ಸಂಕಲನದ ಈ ನೀಳ್ಗತೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದರು. ವೇದ ಕಲಿಯಲು ಬಂದ ಪುಟ್ಟ ನಾಣಿಗೆ ತಾಯಿಯಂತೆ ಆಸರೆಯಾದವಳು ವಿಧವೆ ಯಮುನಕ್ಕ. ಆಕೆ ಗರ್ಭಿಣಿಯಾದ ಸುದ್ದಿ ಹೊರಬಿದ್ದಾಗ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ಆಕೆಯ ತಲೆಗೂದಲು ತೆಗೆಸುತ್ತಾರೆ. ಹಿಂದಿನ ದಿನಗಳಲ್ಲಿ ಮಡಿ ಹೆಂಗಸರ ಬೋಳುತಲೆ, ಒಂದೇ ಬಣ್ಣದ ಸೀರೆ ಯಾರ ಇಚ್ಛೆಯಿಂದಲೂ ಬಂದುದಲ್ಲ, ಊರು ಹೊರಿಸಿದ ಗುರುತುಗಳು. ಮುಗ್ಧತೆ ಕಳೆದುಕೊಂಡವಳು ಯಮುನಕ್ಕನೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದೆ. ಈಗ ಅನಿಸುವುದೇ ಬೇರೆ. ಅದನ್ನು ಕಳೆದುಕೊಂಡವನು ಎಲ್ಲವನ್ನೂ ಕಂಡೂ ಏನೂ ಮಾಡಲಾಗದ ನಾಣಿ.

ಪುಸ್ತಕ ಮುಚ್ಚಿದಾಗ 1988ರ ಜೂನ್ ತಿಂಗಳ ಒಂದು ಬೆಳಗು ನೆನಪಾಯಿತು. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂಬತ್ತನೆಯ ತರಗತಿ ಮುಗಿಸಿದ್ದ ಹುಡುಗಿಯೊಬ್ಬಳು ಬೇಸಿಗೆ ರಜೆ ಕಳೆದು ಬಂದಳು. ಕನ್ನಡದಲ್ಲಿ ತರಗತಿಗೇ ಮೊದಲಿಗಳು. ಅಂದು ಆಕೆ ನೀಲಿ ಲಂಗ, ಬಿಳಿ ಕುಪ್ಪಸ ತೊಟ್ಟಿರಲಿಲ್ಲ. ಅಳತೆ ಮೀರಿದ ಹೊಸ ಸೀರೆ. ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ.

“ಸಾರ್, ನಿಮ್ ಪುಸ್ತಕ ಕೊಟ್ಟು ಹೋಗಾಕ ಬಂದೀನ್ರಿ” ಎಂದಳು.

ನಮ್ಮ ಸೀಮೆಯವನಾದ ನನಗೆ ಆ ಸರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುತ್ತು ಕಟ್ಟಿದ್ದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು 1982ರಲ್ಲಿಯೇ ನಮ್ಮ ರಾಜ್ಯ ಮಾಡಿತ್ತು. ಅದೂ ನನಗೆ ತಿಳಿದಿತ್ತು. ಆದರೂ ನಾನು “ಆಯ್ತಮ್ಮಾ” ಎಂದು ಪುಸ್ತಕ ತೆಗೆದುಕೊಂಡು ಕಪಾಟಿನಲ್ಲಿಟ್ಟೆ. ಹೊರಗೆ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ನೀಲಿ ಲಂಗಗಳನ್ನು ಆಕೆ ಒಂದು ಕ್ಷಣ ನೋಡಿದಳು. ಸೆರಗು ಸರಿಪಡಿಸಿಕೊಂಡು ಹೊರಟುಹೋದಳು. ಮತ್ತೆ ನಾನು ಆಕೆಯನ್ನು ಕಾಣಲಿಲ್ಲ.

ಹೊಸಬ, ಊರ ಹಿರಿಯರನ್ನು ಎದುರು ಹಾಕಿಕೊಳ್ಳಲಾರೆ ಎಂದು ಅಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾಣಿ ಎಳೆಯ ಬಾಲಕ, ಅವನ ಅಸಹಾಯಕತೆಯನ್ನು ಯಾರೂ ದೂರಲಾರರು. ನಾನು ಬಿ.ಎಡ್. ಮಾಡಿದ, ಸಂಬಳ ಪಡೆಯುತ್ತಿದ್ದ ಗುರು. ಆಕೆಯ ಮನೆಯವರೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಬಹುದಿತ್ತು. ಎರಡನ್ನೂ ಮಾಡಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ರಜೆ ಮುಗಿಸಿ ಬಂದ ಮಗುವಿನ ಉಡುಪು ಬದಲಾಗಿದ್ದರೆ, ಅಥವಾ ಮಗುವೇ ಬಾರದಿದ್ದರೆ, ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಸುಮ್ಮನಾಗಬೇಡಿ. ಏಕೆಂದು ಕೇಳಿ. ನಿಮ್ಮ ಗುರು ಕೇಳದೆ ಉಳಿದ ಪ್ರಶ್ನೆಯದು.