ಕೊರಟಗೆರೆ ಮಾತ್ರ ಸಿಗಲಿಲ್ಲ

ಕಳೆದ ದಸರಾ ರಜೆಯಲ್ಲಿ ನಮ್ಮ ಕನ್ನಡ ಸಂಘದ ನಾಲ್ವರು ಒಂದು ಕೆಲಸ ಹಂಚಿಕೊಂಡೆವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಒಬ್ಬೊಬ್ಬರದು ಒಂದೊಂದು ತಾಲ್ಲೂಕು. ಊರಿಗೆ ಹೋದವರು ಹಿರಿಯರ ಹಾಡು, ಕತೆ ರೆಕಾರ್ಡ್ ಮಾಡಿಕೊಂಡು ಬರಬೇಕು. ಶಿರಾದವಳು ಕಾಡುಗೊಲ್ಲರ ಜುಂಜಪ್ಪನ ಕತೆ ತಂದಳು. ಪಾವಗಡದವನು, ತಿರುಮಣಿ ಸುತ್ತ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬರೋ ಮುಂಚೆ ಆ ಹೊಲಗಳಲ್ಲಿ ಏನೇನು ಬೆಳೀತಿದ್ರು ಅಂತ ತಾತನ ಬಾಯಲ್ಲೇ ಹೇಳಿಸಿದ್ದ. ಮಧುಗಿರಿಯವನು ಬೆಟ್ಟದ ಕೋಟೆಯ ಕತೆ ತಂದ. ನನ್ನ ಪಾಲಿಗೆ ಕೊರಟಗೆರೆ, ಅಂದರೆ ನಮ್ಮಜ್ಜಿ.

ಎರಡು ದಿನ ಕಾಡಿಸಿದ ಮೇಲೆ ಅಜ್ಜಿ ರಾಗಿ ಬೀಸೋ ಪದ ಒಂದನ್ನು ಹೇಳಿದರು. ಹದಿನಾಲ್ಕು ನಿಮಿಷ. ಮುಗಿದ ಮೇಲೆ, "ಇನ್ನೊಂದ್ಸಲ ಹೇಳು ಅನ್ಬೇಡ, ದಮ್ಮಿಲ್ಲ. ಭದ್ರವಾಗಿ ಮಡಗ್ಕೋ" ಅಂದರು.

ಮಡಗೋದು ಎಲ್ಲಿ? ಕ್ಲೌಡ್‌ಗೆ ಕಟ್ಟಲು ಸಂಘದ ಹತ್ರ ದುಡ್ಡಿಲ್ಲ. ಲ್ಯಾಬಿನಲ್ಲಿ ಮೂಲೆ ಸೇರಿದ್ದ ಮೂರು ಹಳೇ ಡೆಸ್ಕ್‌ಟಾಪ್ ಕೇಳಿ ತಗೊಂಡು ಸೆಫ್ ಹಾಕಿದೆ. ಸೇಜ್ ವೈಲ್ ಅನ್ನೋರ ಪಿಎಚ್‌ಡಿಯಿಂದ ಹುಟ್ಟಿದ ಓಪನ್ ಸೋರ್ಸ್ ವ್ಯವಸ್ಥೆ ಇದು. ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿನ ಮೂರು ಪ್ರತಿಯನ್ನು ಮೂರು ಮಷಿನ್‌ಗಳಲ್ಲಿ ಇಡುತ್ತದೆ. ಒಂದು ಸತ್ತರೂ ಕೆಲಸ ನಿಲ್ಲಲ್ಲ.

ಆದರೆ ಸೆಫ್‌ನ ಒಳಗಿನ ಭಾಷೆ ನಮ್ಮ ಫೋನಿಗಾಗಲಿ, ಬ್ರೌಸರಿಗಾಗಲಿ ಬರಲ್ಲ. ಅದಕ್ಕೇ ಗೇಟ್‌ವೇ ಬೇಕು. ನಾಡಕಚೇರಿಯ ಕಿಟಕಿ ನೆನಪು ಮಾಡ್ಕೊಳ್ಳಿ. ಅರ್ಜಿ ಕೊಡೋದು ಕಿಟಕಿಯಲ್ಲಿ. ಒಳಗೆ ಅದು ಯಾವ ಬೀರುವಿಗೆ ಹೋಗುತ್ತೆ ಅನ್ನೋದು ನಮಗೆ ಬೇಡ. ಸೆಫ್‌ನ ಗೇಟ್‌ವೇ ಸಾಮಾನ್ಯವಾಗಿ 7480ನೇ ಪೋರ್ಟ್‌ನಲ್ಲಿ ಕೂತು, ಎಸ್3 ಎಪಿಐ ಮಾತಾಡುತ್ತೆ. ಇಡೋಕೆ ಪುಟ್, ತಗೊಳ್ಳೋಕೆ ಗೆಟ್. ಪ್ರತಿ ರಿಕ್ವೆಸ್ಟ್‌ಗೂ ಸೀಕ್ರೆಟ್ ಕೀಯಿಂದ ಸಹಿ ಬೀಳಬೇಕು. ಮೊದಲ ಎರಡು ದಿನ ಬರೀ 403. ಕೀ ತಪ್ಪೇನೋ ಅಂತ ನಾಲ್ಕು ಸಲ ಬದಲಾಯಿಸಿದೆ. ಕೊನೆಗೆ ನೋಡಿದರೆ, ನಮ್ಮ ವೆಬ್ ಪುಟ ಓಡ್ತಿದ್ದ ಲ್ಯಾಪ್‌ಟಾಪಿನ ಗಡಿಯಾರ ಅರ್ಧ ಗಂಟೆ ಹಿಂದಿತ್ತು. ಸಹಿಯಲ್ಲಿರೋ ಸಮಯಕ್ಕೂ ಗೇಟ್‌ವೇ ಸಮಯಕ್ಕೂ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಳಗೆ ಬಿಡಲ್ಲ.

ಅದು ಸರಿಯಾದ ಮೇಲೆ ಒಂದು ಮಷಿನ್‌ನ ಪ್ಲಗ್ ಕಿತ್ತು ನೋಡಿದೆ. ಫೈಲ್ ಬರ್ತಾನೇ ಇತ್ತು. ಶಿರಾದವಳು ಎಲ್ಲರ ರೆಕಾರ್ಡಿಂಗ್ ಅವಳ ಲ್ಯಾಪ್‌ಟಾಪಿಗೆ ಹಾಕ್ಕೊಂಡು, ತಾಲ್ಲೂಕಿನ ಹೆಸರು, ಪಕ್ಕದಲ್ಲೊಂದು ನಂಬರ್ ಕೊಟ್ಟು ಅಪ್‌ಲೋಡ್ ಮಾಡಿದಳು. ಪಟ್ಟಿಯಲ್ಲಿ ಹೆಸರು ಕಂಡಿತು. ನನ್ನ ಫೋನ್ ಸ್ಟೋರೇಜ್ ಫುಲ್ ಆಗಿತ್ತು, ಡಿಲೀಟ್ ಮಾಡಿದೆ. ಅವಳೂ ತೆಗೆದುಬಿಟ್ಟಳು.

ವಾರದ ನಂತರ ಸಂಘದ ಎದುರು ಡೆಮೊ. ಮಧುಗಿರಿ ಬಂತು, ಶಿರಾ ಬಂತು, ಪಾವಗಡ ಬಂತು. ಕೊರಟಗೆರೆ ಒತ್ತಿದರೆ 404. ಆ ಹೆಸರಿನದು ಇಲ್ಲವೇ ಇಲ್ಲ! ನನ್ನ ಕೈ ತಣ್ಣಗಾಯಿತು. ಅಜ್ಜಿಗೆ ಏನಂತ ಹೇಳೋದು?

ರಾತ್ರಿ ಹಾಸ್ಟೆಲಿನಲ್ಲಿ ಕೂತು ಪಟ್ಟಿ ತೆಗೆದರೆ ಹೆಸರು ಅಲ್ಲೇ ಇದೆ. ನಾನು ಟೈಪ್ ಮಾಡಿದರೆ ಸಿಗಲ್ಲ, ಪಟ್ಟಿಯಿಂದ ಕಾಪಿ ಮಾಡಿ ಹಾಕಿದರೆ ಅಜ್ಜಿ ಹಾಡ್ತಾರೆ! ಎರಡೂ ಹೆಸರಿನ ಬೈಟ್ ಎಣಿಸಿದೆ. ನಾನು ಬರೆದ ಕೊರಟಗೆರೆ 24, ಪಟ್ಟಿಯಲ್ಲಿರೋದು 27.

ವ್ಯತ್ಯಾಸ ಇದ್ದದ್ದು ಮೊದಲ ಅಕ್ಷರದಲ್ಲಿ. ಯೂನಿಕೋಡ್‌ನಲ್ಲಿ ‘ಕೊ’ ಅನ್ನೋದನ್ನು ಎರಡು ಥರ ಬರೀಬಹುದು. ‘ಕ’ಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಬಹುದು, ಇಲ್ಲಾ ಎತ್ವದ ಚಿಹ್ನೆ, ಅದರ ಹಿಂದೆ ಊತ್ವದ ಚಿಹ್ನೆ, ಅಂತ ಬಿಡಿಸಿ ಇಡಬಹುದು. ಒಂದೊಂದು ಚಿಹ್ನೆಗೆ ಮೂರು ಬೈಟ್. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಶಿರಾದವಳ ಲ್ಯಾಪ್‌ಟಾಪಿನ ಹಳೇ ಫೈಲ್ ಸಿಸ್ಟಮ್ ಹೆಸರನ್ನು ಬಿಡಿಸಿ ಇಟ್ಟಿತ್ತು. ಮಿಕ್ಕ ಮೂರು ಹೆಸರಿನಲ್ಲಿ ಹಾಗೆ ಬಿಡಿಸೋ ಅಕ್ಷರವೇ ಇಲ್ಲ. ಗೇಟ್‌ವೇ ಕನ್ನಡ ಓದಲ್ಲ, ಬೈಟ್ ಹೋಲಿಸುತ್ತೆ ಅಷ್ಟೇ.

ನಿಜ ಹೇಳ್ತೀನಿ, ನನಗೆ ಮೊದಲು ಹೊಳೆದದ್ದು, ‘ಎಲ್ಲಾ ಹೆಸರು ಇಂಗ್ಲಿಷಿಗೆ ಬದಲಾಯಿಸೋಣ’ ಅಂತ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಟೆಸ್ಟ್ ಮಾಡಿದ ಫೈಲ್‌ಗಳ ಹೆಸರೆಲ್ಲ ಇಂಗ್ಲಿಷಲ್ಲೇ ಇತ್ತು. ಕನ್ನಡ ಸಂಘದ ಕೆಲಸಕ್ಕೆ ಕನ್ನಡದಲ್ಲಿ ಒಂದು ಟೆಸ್ಟ್ ಕೂಡ ಮಾಡಿರಲಿಲ್ಲ. ಶಿರಾದವಳು ನಕ್ಕು, "ಇಂಗ್ಲಿಷಲ್ಲಿ ನಮ್ಮೂರಿಗೆ ಎಸ್ ಹಿಂದೆ ಎಚ್ ಹಾಕ್ತೀಯೋ ಬಿಡ್ತೀಯೋ? ಮೊದಲು ಅದನ್ನ ಹೇಳು" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಪರಿಹಾರ ಒಂದೇ ಸಾಲಿನದು. ಇಡುವಾಗಲೂ ತೆಗೆಯುವಾಗಲೂ, ಹೆಸರು ಗೇಟ್‌ವೇ ಮುಟ್ಟೋ ಮುಂಚೆ ಅದನ್ನು ಎನ್‌ಎಫ್‌ಸಿ ಅನ್ನೋ ಕೂಡಿಸಿದ ರೂಪಕ್ಕೆ ತರೋದು. ಹಳೇ ಫೈಲಿನ ಹೆಸರು ಬದಲಾಯಿಸೋಕೆ ಎಸ್3ಯಲ್ಲಿ ರೀನೇಮ್ ಇಲ್ಲ. ಹೊಸ ಹೆಸರಿಗೆ ಕಾಪಿ ಮಾಡಿ ಹಳೇದನ್ನು ಅಳಿಸಬೇಕು. ಈ ಸಲ ಪೂರ್ತಿ ಕೇಳಿ ನೋಡಿದ ಮೇಲೇ ಅಳಿಸಿದೆ. ಮೂರು ಪ್ರತಿ ಇದೆ ಅನ್ನೋ ಧೈರ್ಯದಲ್ಲಿ, ಕರೆದಾಗ ಸಿಗುತ್ತಾ ಅಂತ ನೋಡೋದನ್ನೇ ಮರೆತಿದ್ದೆ.

ಭಾನುವಾರ ಅಜ್ಜಿಗೆ ಫೋನ್ ಮಾಡಿ ಅವರ ಪದ ಅವರಿಗೇ ಕೇಳಿಸಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಅಯ್ಯೋ, ನಡುವೆ ಒಂದು ನುಡಿ ಬಿಟ್ಬಿಟ್ಟಿದೀನಿ ಕಣೋ. ಸಂಕ್ರಾಂತಿಗೆ ಬಾ, ಸರಿಯಾಗಿ ಹೇಳ್ತೀನಿ" ಅಂದರು.