ಕಣಕುಂಬಿಯ ಮಳೆ, ರಾಮದುರ್ಗದ ಹೊಳೆ

ಖಾನಾಪುರ ತಾಲೂಕಿನ ಕಣಕುಂಬಿಯಿಂದ ಗೋವಾದ ಕಡಲು ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸು. ಅಷ್ಟು ಹತ್ತಿರದ ಸಮುದ್ರಕ್ಕೆ ಬೆನ್ನು ತಿರುಗಿಸಿ, ಇಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹೊರಡುತ್ತಾಳೆ. ಮುನ್ನೂರು ಕಿಲೋಮೀಟರು ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ, ಅವಳ ಜೊತೆ ಬಂಗಾಳ ಕೊಲ್ಲಿ ಸೇರುತ್ತಾಳೆ. ಅರಬ್ಬಿ ಸಮುದ್ರದಿಂದ ಎದ್ದ ಮೋಡವನ್ನು ಘಟ್ಟದ ತಲೆಯ ಮೇಲೆ ಹಿಡಿದು, ಆ ನೀರನ್ನು ಎರಿ ಭೂಮಿಯ ಬಯಲಿಗೆ ತಂದು ಸುರಿಯುವ ಈ ನದಿಯ ದಾರಿಯನ್ನು ಮಳೆಗಾಲದಲ್ಲಿ ಒಮ್ಮೆ ಹಿಂಬಾಲಿಸಬೇಕು. ನಾಡಿನ ಎರಡು ಲೋಕಗಳು ಒಂದೇ ದಾರದಲ್ಲಿ ಪೋಣಿಸಿಕೊಂಡಿರುವುದು ಆಗ ಕಣ್ಣಿಗೆ ಬೀಳುತ್ತದೆ.

ಕಿತ್ತೂರು ಸೀಮೆಗೆ ಕಾಲಿಟ್ಟಾಗ ಮೊದಲು ಸಿಕ್ಕಿದ್ದು ಎಂ.ಕೆ. ಹುಬ್ಬಳ್ಳಿ. ಹೆದ್ದಾರಿಯ ಪಕ್ಕದ ಊರು. ಇಲ್ಲಿ ನದಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯ ಮಂಟಪವಿದೆ. ಇದೇ ನೀರು ಹರಿದು ಹರಿದು ಕೊನೆಗೆ ಮುಟ್ಟುವುದು ಬಸವಣ್ಣನವರು ಐಕ್ಯವಾದ ಸಂಗಮವನ್ನು. ಸತಿಯ ನೆಲೆಯಿಂದ ಪತಿಯ ನೆಲೆಗೆ ಒಂದು ಹೊಳೆ ಹೀಗೆ ನಡೆದುಕೊಂಡು ಹೋಗುವುದನ್ನು ನೆನೆದು ಸೇತುವೆಯ ಮೇಲೆ ಬಹಳ ಹೊತ್ತು ನಿಂತೆ. ಕೆಳಗೆ ಕೆಂಪು ನೀರು ಸುಳಿ ಸುತ್ತುತ್ತಿತ್ತು.

ಮುಂದೆ ರಾಯಣ್ಣನ ಸಂಗೊಳ್ಳಿ, ಅದೂ ಇದೇ ನದಿಯ ದಂಡೆ. ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿ. 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ತಾಯಿಗೆ ಕೈಮುಗಿದು ಸವದತ್ತಿಯ ಬಸ್ಸು ಹತ್ತಿದೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ: ಕಣಕುಂಬಿಯಲ್ಲಿ ವರ್ಷಕ್ಕೆ ಹಲವು ಸಾವಿರ ಮಿಲಿಮೀಟರು ಮಳೆ ಬೀಳುತ್ತದೆ. ರಾಮದುರ್ಗದ ಕಡೆ ಆರುನೂರು ಬಿದ್ದರೆ ಅದೇ ಒಳ್ಳೆಯ ವರ್ಷ. ಕಿಟಕಿಯಾಚೆ ಹಸಿರು ತೆಳುವಾಗುತ್ತ ಬಂತು. ಹತ್ತಿ, ಜೋಳ, ಗೋವಿನಜೋಳದ ಹೊಲಗಳು ಬಂದವು, ಆಮೇಲೆ ಎಲ್ಲಮ್ಮನ ಗುಡ್ಡದ ಕಲ್ಲುಬೆನ್ನು ಕಾಣಿಸಿತು.

ಆ ಗುಡ್ಡಸಾಲನ್ನು ನದಿ ಸುತ್ತಿ ಹೋಗಿಲ್ಲ, ಸೀಳಿಕೊಂಡು ಹೋಗಿದೆ. ನವಿಲುತೀರ್ಥ! ಎರಡೂ ಕಡೆ ಗಟ್ಟಿ ಬಂಡೆ, ನಡುವೆ ಇಕ್ಕಟ್ಟಾದ ಕಣಿವೆ. ಎಷ್ಟು ಸಾವಿರ ತಲೆಮಾರುಗಳ ತಾಳ್ಮೆಯಿಂದ ನೀರು ಈ ಕಲ್ಲನ್ನು ಕೊರೆದಿರಬೇಕು! ಕಣಿವೆ ಇಷ್ಟು ಕಿರಿದಾದ್ದರಿಂದಲೇ ಇಲ್ಲಿನ ಅಣೆಕಟ್ಟಿನ ಉದ್ದ ನೂರೈವತ್ತು ಮೀಟರಿನ ಆಸುಪಾಸಿಗೆ ಮುಗಿದುಹೋಗಿದೆ. ಆ ಚಿಕ್ಕ ಗೋಡೆಯ ಹಿಂದೆ 37.73 ಟಿಎಂಸಿ ನೀರು ಹಿಡಿಯುವ ರೇಣುಕಾಸಾಗರ, ಕಣ್ಣು ಹಾಯುವವರೆಗೂ ನೀರು.

ಇಷ್ಟು ದೊಡ್ಡ ಡ್ಯಾಂ ಇದ್ದೂ ಕೆಳಗಿನ ಊರುಗಳಿಗೆ ನೆರೆ ಯಾಕೆ ಬರುತ್ತದೆ? ಈ ಅಣೆಕಟ್ಟು ಹುಟ್ಟಿದ್ದು ನೀರಾವರಿಗೆ, ಕುಡಿಯುವ ನೀರಿಗೆ. ಬರದ ಸೀಮೆಯಲ್ಲಿ ತುಂಬಿದ ಕೆರೆಯನ್ನು ಖಾಲಿ ಮಾಡಲು ಯಾರ ಕೈಯೂ ಏಳುವುದಿಲ್ಲ. ನರಗುಂದ, ನವಲಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತದ್ದು ಇದೇ ಮಲಪ್ರಭೆಗೆ ಕಳಸಾ-ಬಂಡೂರಿ ಹಳ್ಳಗಳ ನೀರು ತರಬೇಕೆಂದು. ಆದರೆ ತುಂಬಿ ನಿಂತ ಜಲಾಶಯಕ್ಕೆ ಘಟ್ಟದ ಮಳೆ ಒಮ್ಮೆಲೇ ಬಂದು ಬಡಿದರೆ ಅದಕ್ಕೆ ಉಳಿಯುವುದು ಗೇಟು ತೆರೆಯುವ ಒಂದೇ ದಾರಿ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಆ ಲೆಕ್ಕದಲ್ಲಿ ಇಡೀ ರೇಣುಕಾಸಾಗರ ನಾಲ್ಕೂವರೆ ದಿನದೊಳಗೆ ತುಂಬಲೂಬಹುದು, ಬರಿದಾಗಲೂಬಹುದು.

2019ರ ಆಗಸ್ಟಿನಲ್ಲಿ ಘಟ್ಟ ಹಾಗೆಯೇ ಸುರಿಯಿತು. ಮುನವಳ್ಳಿ ದಾಟಿ, ತೊರಗಲ್ಲ ದಾಟಿ ನೀರು ರಾಮದುರ್ಗದ ಓಣಿಗಳಿಗೆ ನುಗ್ಗಿತು. ರಾಮದುರ್ಗ ನೇಕಾರರ ಊರು. ಮಗ್ಗದ ಕುಣಿ ಮನೆಯ ನೆಲಕ್ಕಿಂತ ಕೆಳಗಿರುತ್ತದೆ. ಒಳಬಂದ ನೀರು ಮೊದಲು ತುಂಬುವುದು ಅದನ್ನೇ. ಹೂಡಿದ ಹಾಸು, ಸುತ್ತಿಟ್ಟ ನೂಲು, ಸಾಲ ತಂದ ಬಂಡವಾಳ ಎಲ್ಲ ಅಲ್ಲಿಯೇ ಕೆಸರು. ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಬುಡಕ್ಕೆ ನೀರು ನಿಂತರೆ ಗೋಡೆ ನೆನೆದು ಕೂರುತ್ತದೆ. ನೀರು ಇಳಿದ ಮೇಲೆ, ಬಿಸಿಲು ಬಿದ್ದಾಗ ಕುಸಿಯುವ ಗೋಡೆಗಳೇ ಹೆಚ್ಚು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಆ ವರ್ಷ 5 ಲಕ್ಷ ರೂಪಾಯಿ ಘೋಷಿಸಿತು.

ಕಟ್ಟೆಯ ಮೇಲೆ ಕೂತಿದ್ದ ಹಿರಿಯ ನೇಕಾರರೊಬ್ಬರನ್ನು ಕೇಳಿದೆ: "ಅಜ್ಜಾರ, ಹೊಳಿ ಬರೂದು ನಿಮಗ ಹೆಂಗ ಗೊತ್ತಾಗತೈತ್ರಿ?"

"ಮಳಿ ನಮ್ಮೂರಾಗ ಆಗಬೇಕಂತಿಲ್ರಿ. ಖಾನಾಪುರದಾಗ ಹತ್ತು ದಿನ ಹತ್ತಿ ಹೊಡೀತು ಅಂದ್ರ, ನಾವು ಇಲ್ಲಿ ಗಂಟು ಕಟ್ಟೂದ."

ಅವರ ಮಾತು ನಿಜ, ಆದರೆ ಅರ್ಧ ನಿಜ. ಘಟ್ಟವನ್ನೊಂದೇ ಕಾಯ್ದರೆ ಸಾಲದು ಎಂಬುದನ್ನು 2009 ಕಲಿಸಿತ್ತು. ಆ ಸೆಪ್ಟೆಂಬರಿನ ಕೊನೆ, ಅಕ್ಟೋಬರಿನ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಬಂದು ಎರಗಿದ್ದು ಒಣ ಬಯಲಿನ ಮೇಲೆ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಊರೂರುಗಳನ್ನೇ ಎತ್ತಿ ಎತ್ತರದ ಜಾಗಕ್ಕೆ ಒಯ್ಯಲು 'ಆಸರೆ' ಯೋಜನೆ ಬಂತು. ಪಶ್ಚಿಮದ ಕಡಲೂ ಪೂರ್ವದ ಕಡಲೂ ಈ ಕಡಲಿಲ್ಲದ ಸೀಮೆಯನ್ನು ಮರೆತಿಲ್ಲ. ಒಂದು ಜುಲೈ-ಆಗಸ್ಟಿನಲ್ಲಿ ಬಾಗಿಲು ಬಡಿದರೆ, ಇನ್ನೊಂದು ಸೀಗಿ ಹುಣ್ಣಿವೆಯ ಹೊತ್ತಿಗೆ.

ರಾಮದುರ್ಗದ ಕೆಳಗೆ ನದಿಯ ದಂಡೆ ಹಿಡಿದು ನಡೆದಾಗ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ನೀರಲ್ಲ, ನೀರಿಲ್ಲದ ಜಾಗ. ಡ್ಯಾಮಿನಿಂದ ಈಚೆಗೆ ಎಷ್ಟೋ ವರ್ಷ ಮಲಪ್ರಭೆ ಹಳ್ಳದಂತೆ ಸೊರಗಿ ಹರಿದಿದ್ದಾಳೆ. ಆ ವರ್ಷಗಳಲ್ಲಿ ಕಬ್ಬು ದಂಡೆಯಿಳಿದು ಪಾತ್ರಕ್ಕೆ ಬಂದಿದೆ, ಜಾಲಿ ಕಂಟಿ ಹಬ್ಬಿದೆ, ಉಸುಕು ಎತ್ತಿದ ಗುಂಡಿಗಳು ಬಾಯಿ ತೆರೆದಿವೆ. ಬರಗಾಲದಲ್ಲಿ ಬಡವ ಒಂದು ಗೇಣು ಭೂಮಿ ಹೆಚ್ಚು ಉತ್ತರೆ ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ನವಿಲುತೀರ್ಥದ ಬಂಡೆಯನ್ನೇ ಸೀಳಿದ ನದಿಗೆ ಕಬ್ಬಿನ ಗದ್ದೆ ಯಾವ ತಡೆ? ಪಾತ್ರ ಕಿರಿದಾದಷ್ಟೂ ಅದೇ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ, ಹೆಚ್ಚು ಮನೆ ಹೊಗುತ್ತದೆ.

ಬರದ ನೆನಪು ಈ ಜನರಲ್ಲಿ ಆಳವಾಗಿದೆ, ನೆರೆಯದು ಬೇಗ ಮಾಸುತ್ತದೆ. ಅದಕ್ಕೆ ಮುನವಳ್ಳಿಯಿಂದ ರಾಮದುರ್ಗದ ಕೊನೆಯ ಹಳ್ಳಿಯವರೆಗೆ 2019ರ ನೀರು ಏರಿದ ಮಟ್ಟವನ್ನು ಪ್ರತಿ ಶಾಲೆಯ, ಪ್ರತಿ ಗುಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಬರೆಯಿರಿ. ಆ ಗೆರೆಯ ಕೆಳಗೆ ಹೊಸ ಮನೆಗೆ ಪಾಯ ತೋಡಬೇಡಿ, ಹಳೆಯ ಮನೆಯವರಿಗೆ ಮೇಲಿನ ಜಾಗ ಕೊಡಿ. ಕಣಕುಂಬಿಯ ಮಳೆಯ ಲೆಕ್ಕವನ್ನು ಜೂನಿನಿಂದ ಅಕ್ಟೋಬರಿನವರೆಗೆ ದಿನಾ ಬೆಳಿಗ್ಗೆ ರಾಮದುರ್ಗದ ಓಣಿಗಳಲ್ಲಿ ಕೂಗಿ ಹೇಳಿ.