ಲೆಕ್ಕದಲ್ಲಿಲ್ಲದ ಸಂಕ

ಮಳೆಗಾಲವು ಕಾಲಿಟ್ಟಿತೆಂದರೆ 'ಪರಿಹಾರ' ಎಂಬ ಶಬ್ದವು ನಮ್ಮ ನಾಡಿನಲ್ಲಿ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಸಂಸ್ಕೃತದಲ್ಲಿ ಕಿಂಚಿತ್ ಪರಿಶ್ರಮವುಳ್ಳ ನಮಗೆ ಆಗೆಲ್ಲ ಕೌಟಿಲ್ಯನ ನೆನಪಾಗುವುದುಂಟು. ಅರ್ಥಶಾಸ್ತ್ರದಲ್ಲಿ ಪರಿಹಾರವೆಂದರೆ ತೆರಿಗೆಯ ಮಾಫಿ. ಕೆರೆಕಟ್ಟೆಗಳನ್ನು ಹೊಸದಾಗಿ ಕಟ್ಟಿದವರಿಗೆ 5 ವರ್ಷ, ಒಡೆದು ಪಾಳುಬಿದ್ದುದನ್ನು ಎತ್ತಿ ನಿಲ್ಲಿಸಿದವರಿಗೆ 4 ವರ್ಷ ತೆರಿಗೆಯಿಲ್ಲವೆಂದು ಆತನು ವಿಧಿಸಿರುವನು. ಪ್ರಜೆಗಳು ತಾವಾಗಿಯೇ ಕಟ್ಟಿಕೊಂಡದ್ದಕ್ಕೂ ಅರಸನ ಲೆಕ್ಕದಲ್ಲಿ ಒಂದು ಸ್ಥಾನವಿತ್ತೆಂದು ಇದರಿಂದ ತಿಳಿಯಬಹುದು. ಈ ಪೀಠಿಕೆ ಏತಕ್ಕೆಂಬುದು ವಾಚಕ ಮಹಾಶಯರಿಗೆ ಮುಂದೆ ಗೊತ್ತಾಗುವುದು.

ನಾವು ಮಲೆನಾಡಿನ ಒಂದು ಗ್ರಾಮದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದೆವು. ಶಾಲೆಗೂ ಕೇರಿಗೂ ನಡುವೆ ಒಂದು ಹಳ್ಳ. ಬೇಸಗೆಯಲ್ಲಿ ಅದರಲ್ಲಿ ಕಾಲು ನೆನೆಯುವಷ್ಟು ನೀರು. ಆಷಾಢದಲ್ಲಿ ಆನೆಯನ್ನೂ ಉರುಳಿಸುವ ಸೆಳೆತ. ಅದಕ್ಕೊಂದು ಸಂಕವಿತ್ತು. ಈಗಿನವರ ಅಜ್ಜಂದಿರು ಎರಡು ದಡಗಳಲ್ಲಿಯೂ ಕಲ್ಲಿನ ಕಟ್ಟೆ ಕಟ್ಟಿ, ಮೇಲೆ ಮರದ ತೊಲೆಗಳನ್ನು ಹಾಸಿದ್ದರಂತೆ. ಹಲಗೆ ಜೀರ್ಣವಾದಾಗ ಮನೆಗೊಂದಾಳಿನಂತೆ ಬಂದು ಹೊಸ ಹಲಗೆ ಜಡಿಯುವರು. ಅಡಕೆ ದಬ್ಬೆಯ ಕೈಪಿಡಿಯನ್ನು ಪ್ರತಿವರ್ಷವೂ ಜೂನ್ ತಿಂಗಳಿಗೆ ಮುಂಚೆ ಬದಲಾಯಿಸುವರು. ಯಾರೂ ಯಾರನ್ನೂ ಅದಕ್ಕಾಗಿ ಕೇಳಿದವರಲ್ಲ.

2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬಂದ ಅತಿವೃಷ್ಟಿಯು ಈ ಸಂಕವನ್ನು ಒಂದು ರಾತ್ರಿಯಲ್ಲಿ ಕೊಂಡೊಯ್ದಿತು. ಆ ವರ್ಷ ಉತ್ತರದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಊರೂರುಗಳನ್ನೇ ಮುಳುಗಿಸಿದ್ದುವು. ಪೂರ್ಣವಾಗಿ ಬಿದ್ದ ಮನೆಗೆ ರಾಜ್ಯ ಸರ್ಕಾರದವರು 5 ಲಕ್ಷ ರೂಪಾಯಿ ಘೋಷಿಸಿದರು. ಕೇಂದ್ರದಿಂದ ಅಕ್ಟೋಬರ್ ತಿಂಗಳಲ್ಲಿ 1,200 ಕೋಟಿ ರೂಪಾಯಿ ಮುಂಗಡವಾಗಿ ಬಂದಿತು. ಅಂತಹ ಮಹಾವಿಪತ್ತಿನ ಮುಂದೆ ನಮ್ಮ ಸಂಕವು ಎಷ್ಟರದು? ಆದರೂ 11 ಮಕ್ಕಳು ಅದನ್ನು ದಾಟಿ ಶಾಲೆಗೆ ಬರುತ್ತಿದ್ದರು. ಸಂಕವಿಲ್ಲದಿದ್ದರೆ ಅವರಿಗೆ ಕಾಡಿನ ದಾರಿಯಲ್ಲಿ ಒಂದು ಹರದಾರಿಗೂ ಮಿಕ್ಕ ಸುತ್ತು.

ನಾವು ಅರ್ಜಿ ಬರೆದು ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ಸಜ್ಜನರು. ಹಳೆಯ ವಿದ್ಯಾರ್ಥಿಯೊಬ್ಬನ ಸೋದರಮಾವನೂ ಹೌದು. ನಮ್ಮನ್ನು ಕುಳ್ಳಿರಿಸಿ ವಿಪತ್ತು ನಿಧಿಯ ನಿಯಮಗಳನ್ನು ತೋರಿಸಿದರು. 2005ರ ಕಾಯಿದೆಯ ಮೇರೆಗೆ ಏರ್ಪಟ್ಟ ನಿಧಿಯದು. ನಮ್ಮಂತಹ ರಾಜ್ಯಗಳಲ್ಲಿ ದೊಡ್ಡ ಪಾಲು ಕೇಂದ್ರದ್ದು, ಉಳಿದ ಪಾಲು ರಾಜ್ಯದ್ದು. ಹಳ್ಳಿಯ ರಸ್ತೆ ಕೆಟ್ಟರೆ ಕಿಲೋಮೀಟರಿಗೆ 60,000 ರೂಪಾಯಿ. ಅದೂ ತಾತ್ಕಾಲಿಕವಾಗಿ ಸಂಪರ್ಕವನ್ನು ಕೂಡಿಸುವ ತುರ್ತು ದುರಸ್ತಿಗೆ ಮಾತ್ರ. ಹೊಸದಾಗಿ ಕಟ್ಟಲು ಅಲ್ಲ. ಗುಂಡಿ ಮುಚ್ಚಬಹುದು, ಕೊಚ್ಚಿಹೋದ ಕಡೆ ಕೊಳವೆ ಹಾಕಿ ಮಣ್ಣು ತುಂಬಬಹುದು. ಮುಂದಿನ ಮಳೆಗೆ ಅದು ನಿಲ್ಲುವುದೇ ಎಂಬುದು ಆ ಕೋಷ್ಟಕದ ವಿಷಯವಲ್ಲ. (ಅನಂತರ 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗೆ ರಾಜ್ಯಗಳ ವಿಪತ್ತು ನಿಧಿಗೆಂದು ಗೊತ್ತುಮಾಡಿದ 1,60,153 ಕೋಟಿ ರೂಪಾಯಿಗಳಲ್ಲಿ 100ಕ್ಕೆ 30ರಷ್ಟನ್ನು ಪುನರ್ನಿರ್ಮಾಣಕ್ಕೆಂದೇ ಬೇರೆಯಾಗಿ ತೆಗೆದಿರಿಸಿತು. ನಮ್ಮ ಮಕ್ಕಳಿಗೆ ಅದು ತಡವಾಯಿತು.)

"ಅದಿರಲಿ, ತುರ್ತು ದುರಸ್ತಿಯನ್ನಾದರೂ ಮಾಡಿಸಿಕೊಡಿ" ಎಂದೆವು.

ಅವರು ಆಸ್ತಿಗಳ ಪುಸ್ತಕವನ್ನು ತಿರುವಿ, "ಮೇಷ್ಟ್ರೇ, ನಿಮ್ಮ ಸಂಕ ಇದರಲ್ಲಿ ಇಲ್ಲವೇ ಇಲ್ಲ. ಇಲ್ಲದ್ದು ಹಾಳಾಯಿತು ಅಂತ ನಾನು ಹೇಗೆ ಬರೆಯಲಿ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ಧ್ವನಿಯಲ್ಲಿ, "ಇಂಥ ವರ್ಷ ಪಂಚಾಯಿತಿಯಿಂದಲೇ ಕಟ್ಟಿಸಿದ್ದು ಅಂತ ನೀವೊಂದು ಪತ್ರ ಬರೆದುಕೊಡಿ. ಹೆಡ್ಮಾಸ್ತರ ಸಹಿ ಇದ್ದರೆ ಉಳಿದದ್ದನ್ನು ನೋಡೋಣ" ಎಂದರು.

ಆ ದಿನ ಕಾಗದವೂ ಲೇಖನಿಯೂ ನಮ್ಮ ಮುಂದೆಯೇ ಇದ್ದುವು. ನಾವು ಬರೆಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ನುಡಿಯಿರೆಂದು ಬೋಧಿಸಿದ ಕೈ ಅದನ್ನು ಬರೆಯಲೊಲ್ಲದೆಂದು ಆಗ ನಮಗೆ ನಾವೇ ಹೇಳಿಕೊಂಡೆವು. ಹಾಗೆ ಹೇಳಿಕೊಂಡುದರಲ್ಲಿ ಅಷ್ಟಿಷ್ಟು ಗರ್ವವೂ ಇದ್ದಿತೆಂದು ಈಗ ಒಪ್ಪಬೇಕಾಗಿದೆ. ಮನೆಗೆ ಬಂದು ವೃತ್ತಾಂತವನ್ನು ತಿಳಿಸಿದಾಗ ನಮ್ಮ ಮನೆಯವರು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು, "ಸಂಕ ಇದ್ದದ್ದಂತೂ ಸುಳ್ಳಲ್ಲವಲ್ಲ?" ಎಂದು ಕೇಳಿದರು. ನಾವು ಉತ್ತರ ಕೊಡಲಿಲ್ಲ.

ಗ್ರಾಮಸ್ಥರು ಮತ್ತೆ ತೊಲೆ ಹಾಸಲು ಯತ್ನಿಸಿದರು. ಆದರೆ ದಡದ ಕಲ್ಲುಕಟ್ಟೆಯೇ ಜರಿದಿದ್ದಿತು. ಅವರವರ ತೋಟಗಳಲ್ಲಿಯೂ ಮಣ್ಣು ತುಂಬಿ, ಕೊಳೆರೋಗ ತಗುಲಿ, ಯಾರ ಕೈಯಲ್ಲಿಯೂ ಹಣವಿರಲಿಲ್ಲ. ಹತ್ತು ಮಕ್ಕಳು ಸುತ್ತು ದಾರಿಯಲ್ಲಿ ಬಂದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಬರಲಿಲ್ಲ. ಕಾಡಿನ ದಾರಿಯಲ್ಲಿ ದೊಡ್ಡ ಹುಡುಗಿಯನ್ನು ಕಳುಹಿಸಲಾರೆವೆಂದು ಮನೆಯವರು ಹೇಳಿದರು. ಅವಳು ಗಣಿತದಲ್ಲಿ ನಮ್ಮ ಶಾಲೆಗೇ ಮೊದಲಿಗಳು. ನಾವು ಮೂರು ಸಲ ಅವರ ಮನೆಗೆ ಹೋದೆವು. ದಸರೆ ಕಳೆದ ಮೇಲೆ ಕಳುಹಿಸುವೆವೆಂದರು, ಸಂಕ್ರಾಂತಿಯೆಂದರು. ಮರುವರ್ಷ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು ಶಾಲೆಯ ಬಾಗಿಲೇ ಮುಚ್ಚಿತು.

ಸಂಕವು ಕಡೆಗೂ ಬಂದಿತು. ಅದು ವಿಪತ್ತು ನಿಧಿಯಿಂದ ಬಂದದ್ದಲ್ಲ. ಉದ್ಯೋಗ ಖಾತರಿಯ ಹಣದಿಂದ, ಮೂರನೆಯ ವರ್ಷದಲ್ಲಿ. ಅದೇ ಗ್ರಾಮಸ್ಥರು ಕೂಲಿ ಪಡೆದು ಕಟ್ಟಿದರು. ಸಿಮೆಂಟಿನದು, ಎರಡು ಕಡೆ ಕಬ್ಬಿಣದ ಕಂಬಿಗಳುಳ್ಳದ್ದು. 2022ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲಿಕೆಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದ ವಾರ್ತೆಯನ್ನೋದಿದ ದಿನ, ನಾವು ಛತ್ರಿ ಹಿಡಿದು ಹೋಗಿ ಆ ಕಂಬಿಗಳನ್ನು ಅಲುಗಿಸಿ ನೋಡಿ ಬಂದೆವು. ಗಟ್ಟಿಯಾಗಿದ್ದುವು.

ನಿವೃತ್ತರಾದ ಮೇಲೆ ಒಮ್ಮೆ ಪಂಚಾಯಿತಿಗೆ ಹೋಗಿ, ಆಸ್ತಿಗಳ ಪುಸ್ತಕದಲ್ಲಿ ಆ ಸಂಕವು ದಾಖಲಾಗಿದೆಯೇ ಎಂದು ವಿಚಾರಿಸಿದೆವು. ಅಲ್ಲಿದ್ದ ತರುಣನು ನಗುತ್ತಲೇ ಪುಟವನ್ನು ತೋರಿಸಿದನು. ಉದ್ದ, ಅಗಲ, ಕಟ್ಟಿದ ವರ್ಷ ಎಲ್ಲವೂ ಇದ್ದುವು. ಹತ್ತಿರದ ಹಳ್ಳದ ಮೇಲೆ ಊರವರೇ ಹಾಕಿಕೊಂಡಿರುವ ಇನ್ನೆರಡು ಮರದ ಸಂಕಗಳ ಸುದ್ದಿಯನ್ನೆತ್ತಿದಾಗ, "ಅವು ನಮ್ಮವಲ್ಲ ಸರ್" ಎಂದನು. ನಾವು ಅಲ್ಲಿಯೇ ಕುಳಿತು, ಇರುವುದನ್ನು ಇರುವಂತೆಯೇ, ಊರವರು ಕಟ್ಟಿದ್ದೆಂದೇ ಬರೆದು, ಅವೆರಡನ್ನೂ ಪುಸ್ತಕಕ್ಕೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆವು. 2019ಕ್ಕೆ ಮುಂಚೆಯೇ ಹೊಳೆಯಬೇಕಾಗಿದ್ದ ಕೆಲಸವದು.

ಹಿಂದಿರುಗುವಾಗ ಆ ಹುಡುಗಿಯ ತಾಯಿ ಹುಲ್ಲಿನ ಹೊರೆ ಹೊತ್ತು ಸಂಕದ ಮೇಲೆ ಎದುರಾದರು. "ಮೇಷ್ಟ್ರು ಕಾಪಿ ಕುಡಿದೇ ಹೋಗಬೇಕು" ಎಂದು ಕರೆದೊಯ್ದರು. ಹುಡುಗಿ ಮನೆಯಲ್ಲಿರಲಿಲ್ಲ. ಎಲ್ಲಿರುವಳೆಂದು ಕೇಳಲು ನಮಗೆ ಬಾಯಿ ಬರಲಿಲ್ಲ.